ಎಸ್‌ಆರ್-22: ಕಂತು ತಪ್ಪಿದರೆ ಲೈಸೆನ್ಸೂ ತಪ್ಪಿತು

ಕ್ಯಾಲಿಫೋರ್ನಿಯಾದಲ್ಲಿ ಕುಡಿದು ಕಾರು ಓಡಿಸಿ ಲೈಸೆನ್ಸ್ ಅಮಾನತಾದವರು ಮೊದಲು ಕೇಳುವುದು, ‘ಎಸ್‌ಆರ್-22 ಇನ್ಶೂರೆನ್ಸಿಗೆ ಎಷ್ಟಾಗುತ್ತದೆ?’ ಎಂದು. ಅಂಥದೊಂದು ಇನ್ಶೂರೆನ್ಸೇ ಇಲ್ಲ. ‘ಇವರಿಗೆ ಕಾನೂನು ಕೇಳುವಷ್ಟು ವಿಮೆ ಇದೆ, ನಿಂತರೆ ತಿಳಿಸುತ್ತೇವೆ’ ಎಂದು ವಿಮಾ ಕಂಪನಿ ರಾಜ್ಯದ ವಾಹನ-ಲೈಸೆನ್ಸ್ ಇಲಾಖೆಯಾದ ಡಿಎಂವಿಗೆ ಕಳಿಸುವ ಪ್ರಮಾಣಪತ್ರ ಅದು. ಸಲ್ಲಿಕೆಯ ಶುಲ್ಕ ಸಾಮಾನ್ಯವಾಗಿ 25 ಡಾಲರ್ ಆಸುಪಾಸು. ಹೊರೆಯಾಗುವುದು ವಿಮೆಯ ಕಂತು: ಡಿಯುಐ, ಅಂದರೆ ಅಮಲಿನಲ್ಲಿ ಓಡಿಸಿದ ತಪ್ಪಿಗೆ ಶಿಕ್ಷೆಯಾದರೆ ‘ಗುಡ್ ಡ್ರೈವರ್’ ರಿಯಾಯಿತಿ 10 ವರ್ಷ ಸಿಗುವುದಿಲ್ಲ.

ಬಂಧನದ ದಿನ ಪೊಲೀಸರು ಕೊಡುವ ಗುಲಾಬಿ ಕಾಗದವೇ 30 ದಿನದ ತಾತ್ಕಾಲಿಕ ಲೈಸೆನ್ಸ್. ಅಮಾನತನ್ನು ಪ್ರಶ್ನಿಸುವುದಾದರೆ 10 ದಿನದೊಳಗೆ ಡಿಎಂವಿ ವಿಚಾರಣೆ ಕೇಳಬೇಕು. ಕೋರ್ಟಿನ ತಾರೀಕಿಗೆ ಕಾದು ಕೂತವರು ಇದನ್ನು ಕಳೆದುಕೊಳ್ಳುತ್ತಾರೆ. ಕೋರ್ಟಿನ ಕೇಸೇ ಬೇರೆ, ಡಿಎಂವಿ ವಿಚಾರಣೆಯೇ ಬೇರೆ.

ಅಮಾನತಿನ ಅವಧಿ ಮುಗಿದ ಮಾತ್ರಕ್ಕೆ ಲೈಸೆನ್ಸ್ ತಾನಾಗಿ ಮರಳುವುದಿಲ್ಲ. ಡಿಯುಐ ತರಗತಿ, ಎಸ್‌ಆರ್-22, 125 ಡಾಲರ್ ಮರುವಿತರಣಾ ಶುಲ್ಕ ಎಲ್ಲವೂ ಡಿಎಂವಿ ದಾಖಲೆಗೆ ಏರಿರಬೇಕು. ಏರಿದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳದೆ ಕೀಲಿ ಮುಟ್ಟಬೇಡಿ. ಡಿಯುಐ ಅಮಾನತಿನಲ್ಲಿ ಓಡಿಸಿದ ತಪ್ಪು ಸಾಬೀತಾದರೆ ಕಾನೂನು ಹೇಳುವ ಶಿಕ್ಷೆ ಕನಿಷ್ಠ 10 ದಿನ ಜೈಲು. ‘ಬೆಂಗಳೂರಿನ ಲೈಸೆನ್ಸ್ ಇದೆಯಲ್ಲ’ ಎಂದುಕೊಳ್ಳುವವರೂ ಇದ್ದಾರೆ. ಅಮಾನತಾದದ್ದು ಕಾರ್ಡಲ್ಲ, ಆ ರಾಜ್ಯದಲ್ಲಿ ಓಡಿಸುವ ಹಕ್ಕೇ. ಊರಿನ ಲೈಸೆನ್ಸಾಗಲಿ, ಅಂತರರಾಷ್ಟ್ರೀಯ ಪರ್ಮಿಟ್ಟಾಗಲಿ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಪಾಲಿಸಿ ಕನಿಷ್ಠ 30/60/15 ಇರಬೇಕು. ಅಂದರೆ ಗಾಯಕ್ಕೆ ಒಬ್ಬರಿಗೆ 30 ಸಾವಿರ, ಒಂದು ಅಪಘಾತಕ್ಕೆ 60 ಸಾವಿರ, ಆಸ್ತಿ ಹಾನಿಗೆ 15 ಸಾವಿರ ಡಾಲರ್. ಹಳೆಯ 15/30/5 ಮಿತಿ 2025ರ ಜನವರಿ 1ರಿಂದ ಬದಲಾಗಿದೆ. ಕಾರಿಲ್ಲದವರಿಗೆ ‘ನಾನ್-ಓನರ್’ ಪಾಲಿಸಿ ಅಗ್ಗ. ಆದರೆ ಮನೆಯವರ ಕಾರನ್ನು ದಿನವೂ ಓಡಿಸುವವರಿಗೆ ಅದು ಹೊಂದುವುದಿಲ್ಲ.

ಡಿಯುಐ ಆದವರು ಎಸ್‌ಆರ್-22 ಅನ್ನು 3 ವರ್ಷ ಕಾಯ್ದುಕೊಳ್ಳಬೇಕು. ಹೆಚ್ಚಿನ ಎಡವಟ್ಟು ಇಲ್ಲೇ. ಕ್ರೆಡಿಟ್ ಕಾರ್ಡಿನ ಅವಧಿ ಮುಗಿದು ಆಟೋಪೇ ನಿಲ್ಲುತ್ತದೆ. ಅಥವಾ ಅಗ್ಗದ ಕಂಪನಿ ಸಿಕ್ಕಿತೆಂದು ಹಳೆಯದನ್ನು ಮೊದಲೇ ರದ್ದು ಮಾಡುತ್ತಾರೆ. ಹಳೆಯ ಕಂಪನಿಯಿಂದ ರದ್ದತಿಯ ಸೂಚನೆ ಹೋದೊಡನೆ ಡಿಎಂವಿ ಮತ್ತೆ ಅಮಾನತು ಮಾಡುತ್ತದೆ. ಹೊಸ ಎಸ್‌ಆರ್-22 ಸಲ್ಲಿಕೆಯಾದದ್ದು ಖಾತ್ರಿಯಾದ ಮೇಲಷ್ಟೇ ಹಳೆಯದನ್ನು ಬಿಡಿ. ಕೈಲಾದರೆ 6 ತಿಂಗಳ ಕಂತನ್ನು ಒಟ್ಟಿಗೆ ಕಟ್ಟಿಬಿಡಿ.

ಕೆಲಸ ಬದಲಾಗಿ ನ್ಯೂಯಾರ್ಕಿಗೆ ಹೊರಟರೂ ಹಳೆಯ ಬಾಧ್ಯತೆ ತಾನಾಗಿ ಬಿಡುವುದಿಲ್ಲ. ಅಲ್ಲಿ ಎಸ್‌ಆರ್-22 ಪದ್ಧತಿಯೇ ಇಲ್ಲ, ಆದರೆ ಕ್ಯಾಲಿಫೋರ್ನಿಯಾ ಇನ್ನೂ ಕೇಳುತ್ತಿದ್ದರೆ ಅದನ್ನು ಕ್ಯಾಲಿಫೋರ್ನಿಯಾಕ್ಕೇ ಸಲ್ಲಿಸಬೇಕು. ಹೊಸ ಕಂಪನಿ ಹಾಗೆ ಸಲ್ಲಿಸುತ್ತದೆಯೇ ಎಂದು ಸಾಮಾನು ಕಟ್ಟುವ ಮೊದಲೇ ಕೇಳಿಕೊಳ್ಳಿ.