ಸರ್ಕಾರವೇ ಗುರಿಯಿಟ್ಟು ಕೊಂದರೆ ಕಾನೂನು ಏನು ಹೇಳುತ್ತದೆ?

ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರ ಇರುವ ಬೆಳಗಾವಿಯಲ್ಲಿ ಮಿಲಿಟರಿ ವಿಷಯ ಯಾರಿಗೂ ದೂರದ್ದಲ್ಲ. ಎಲ್ಲೋ ಡ್ರೋನ್ ದಾಳಿಯಲ್ಲಿ ಒಬ್ಬನನ್ನು ಮುಗಿಸಿದರು ಅಂತ ಸುದ್ದಿ ಬಂದರೆ ಕ್ಯಾಂಪ್ ಕಡೆಯ ಚಹಾದಂಗಡಿಯಲ್ಲಿ ಒಬ್ಬರು 'ಛಲೋ ಆತು ಬಿಡ್ರಿ' ಅನ್ನುತ್ತಾರೆ, ಇನ್ನೊಬ್ಬರು 'ಬ್ಯಾರೆ ದೇಶದಾಗ ಹೊಕ್ಕು ಹೊಡಿಯಾಕ ಬರ್ತದೇನ್ರಿ?' ಅಂತ ಕೇಳುತ್ತಾರೆ. ಆ ಎರಡನೆಯ ಪ್ರಶ್ನೆ ಸಣ್ಣದಲ್ಲ.

1907ರ ಹೇಗ್ ಯುದ್ಧ ನಿಯಮಗಳು ಶತ್ರುವನ್ನು ನಂಬಿಸಿ ಕೊಲ್ಲಬಾರದು ಎಂದವು, 1945ರ ವಿಶ್ವಸಂಸ್ಥೆಯ ಸನ್ನದು ಬೇರೆ ದೇಶದ ಮೇಲೆ ಬಲಪ್ರಯೋಗವನ್ನೇ ನಿಷೇಧಿಸಿ, ಭದ್ರತಾ ಮಂಡಳಿ ಒಪ್ಪಿದರೆ ಅಥವಾ ದಾಳಿಗೆ ಒಳಗಾದ ದೇಶ ತನ್ನನ್ನು ಕಾಪಾಡಿಕೊಳ್ಳಬೇಕಾದರೆ ಮಾತ್ರ ಅವಕಾಶ ಕೊಟ್ಟಿತು, 1976ರಲ್ಲಿ ಅಮೆರಿಕದ ಅಧ್ಯಕ್ಷ ಫೋರ್ಡ್ ತಮ್ಮ ಸರ್ಕಾರದ ನೌಕರರು ರಾಜಕೀಯ ಹತ್ಯೆಗೆ ಕೈ ಹಾಕಬಾರದು ಅಂತ ಆದೇಶ ಹೊರಡಿಸಿದರು. ಅಲ್ಲಿಯವರೆಗೆ ಲೆಕ್ಕ ಸರಳವಿತ್ತು. ಯುದ್ಧದಲ್ಲಿ ಎದುರಾಳಿ ಸೈನಿಕನನ್ನು ಹೊಡೆಯಬಹುದು. ಯುದ್ಧ ಇಲ್ಲದ ಕಡೆ ಮೊದಲು ಹಿಡಿಯಬೇಕು, ಜೀವ ಉಳಿಸಲು ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಗುಂಡು.

2001ರಲ್ಲಿ ಅಮೆರಿಕದ ಮೇಲೆ ಉಗ್ರರ ದಾಳಿ ಆದ ನಂತರ ಇದು ಗೋಜಲಾಯಿತು. ಸಮವಸ್ತ್ರವಿಲ್ಲ, ರಣರಂಗವಿಲ್ಲ, ಎದುರಾಳಿ ಒಂದು ದೇಶವೂ ಅಲ್ಲ. 2002ರ ನವೆಂಬರ್‌ನಲ್ಲಿ ಯೆಮೆನ್‌ನ ರಸ್ತೆಯಲ್ಲಿ ಹೋಗುತ್ತಿದ್ದ ಕಾರಿನ ಮೇಲೆ ಅಮೆರಿಕದ ಡ್ರೋನ್ ಕ್ಷಿಪಣಿ ಬಿಟ್ಟಾಗ ಒಳಗಿದ್ದ 6 ಜನ ಸತ್ತರು. ಆ ರಸ್ತೆ ಯುದ್ಧಭೂಮಿಯೋ ಅಲ್ಲವೋ?

ಈ ಗೋಜಲನ್ನು ನೇರವಾಗಿ ಎದುರಿಸಿದ್ದು 2006ರ ಡಿಸೆಂಬರ್‌ನಲ್ಲಿ ಇಸ್ರೇಲ್‌ನ ಸುಪ್ರೀಂ ಕೋರ್ಟ್. ಇಂಥ ಹತ್ಯೆ ಎಲ್ಲವೂ ಸರಿ ಅಂತಲೂ ಹೇಳಲಿಲ್ಲ, ಎಲ್ಲವೂ ತಪ್ಪು ಅಂತಲೂ ಹೇಳಲಿಲ್ಲ. ಒಂದೊಂದನ್ನೂ ಬೇರೆಬೇರೆಯಾಗಿ ನೋಡಬೇಕು ಎಂದು ನ್ಯಾಯಮೂರ್ತಿ ಅಹರೋನ್ ಬರಾಕ್ ಬರೆದರು. ಗುರಿಯಾದವನು ಯಾರು, ಏನು ಮಾಡಿದ ಅನ್ನುವುದಕ್ಕೆ ಗಟ್ಟಿ ಮಾಹಿತಿ ಬೇಕು. ಬಂಧಿಸಲು ಸಾಧ್ಯವಿದ್ದರೆ ಕೊಲ್ಲುವಂತಿಲ್ಲ. ಅಕ್ಕಪಕ್ಕದ ಜನರಿಗೆ ಆಗುವ ಹಾನಿ ಮಿತಿ ಮೀರಬಾರದು. ದಾಳಿ ಮುಗಿದ ಮೇಲೆ ಸ್ವತಂತ್ರ ತನಿಖೆ ನಡೆಯಬೇಕು. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಈ ಕೊನೆಯ ಷರತ್ತೇ. ಯಾಕೆಂದರೆ ಮೊದಲ ಮೂರನ್ನು ಪಾಲಿಸಿದ್ದಾರಾ ಅಂತ ಗೊತ್ತಾಗುವುದು ತನಿಖೆಯಿಂದ ಮಾತ್ರ, ಅಲ್ವಾ? 2010ರಲ್ಲಿ ಇಂಥ ಹತ್ಯೆಗಳ ಬಗ್ಗೆ ವಿಶ್ವಸಂಸ್ಥೆಗೆ ವರದಿ ಕೊಟ್ಟ ಫಿಲಿಪ್ ಆಲ್‌ಸ್ಟನ್ ಜಾಸ್ತಿ ಒತ್ತಿ ಹೇಳಿದ್ದೂ ಉತ್ತರದಾಯಿತ್ವದ ಬಗ್ಗೆಯೇ. 2020ರ ಜನವರಿಯಲ್ಲಿ ಇರಾನ್‌ನ ಜನರಲ್ ಸುಲೇಮಾನಿ ಬಾಗ್ದಾದ್‌ನಲ್ಲಿ ಅಮೆರಿಕದ ಡ್ರೋನ್ ದಾಳಿಗೆ ಹತರಾದಾಗ ಆತ್ಮರಕ್ಷಣೆ ಎಂಬ ಕಾರಣ ಬಂತು. ಅದಕ್ಕೆ ಕೊಟ್ಟ ಪುರಾವೆ ಸಾಲದು ಎಂದು ವಿಶ್ವಸಂಸ್ಥೆಯ ತಜ್ಞೆ ಆಗ್ನೆಸ್ ಕಾಲಮಾರ್ಡ್ ಹೇಳಿದರು, ಅಮೆರಿಕ ಒಪ್ಪಲಿಲ್ಲ, ವಿಷಯ ಅಲ್ಲಿಗೇ ನಿಂತಿತು.

ನಮ್ಮಲ್ಲಿ ಪೊಲೀಸ್ ಎನ್‌ಕೌಂಟರ್‌ನಲ್ಲಿ ಯಾರಾದರೂ ಸತ್ತರೆ ಎಫ್‌ಐಆರ್ ಆಗಬೇಕು, ಸಿಐಡಿ ಅಥವಾ ಬೇರೆ ಠಾಣೆಯವರು ತನಿಖೆ ಮಾಡಬೇಕು, ಮ್ಯಾಜಿಸ್ಟ್ರೇಟ್ ವಿಚಾರಣೆ ನಡೆಯಬೇಕು ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ಬೆಳಗಾವಿಯ ಒಂದು ಠಾಣೆಗೆ ಇರುವಷ್ಟು ಹೊಣೆಯೂ ಗಡಿ ದಾಟುವ ಡ್ರೋನ್‌ಗೆ ಬೇಡವೇ?

ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಬಹುದಲ್ಲ ಅನ್ನಬಹುದು. ಅಲ್ಲಿ ದಾವೆ ದೇಶ ದೇಶಗಳ ನಡುವೆ ಮಾತ್ರ, ಅದೂ ಎರಡೂ ಕಡೆಯ ಒಪ್ಪಿಗೆ ಬೇಕು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಮನೆಯವರೇ ಹೋಗಬಹುದು. 1988ರಲ್ಲಿ ಸ್ಪೇನ್ ಪಕ್ಕದ ಬ್ರಿಟಿಷ್ ಪ್ರದೇಶ ಜಿಬ್ರಾಲ್ಟರ್‌ನಲ್ಲಿ ಬ್ರಿಟಿಷ್ ಸೈನಿಕರ ಗುಂಡಿಗೆ ಸತ್ತ, ಐರ್ಲೆಂಡಿನ ಸಶಸ್ತ್ರ ಸಂಘಟನೆ ಐಆರ್‌ಎಯ ಮೂವರು ಸದಸ್ಯರ ಕಡೆಯವರು ಹಾಗೆ ಹೋದರು. 1995ರಲ್ಲಿ 10-9 ಮತಗಳ ತೀರ್ಪು ಬಂತು. ಗುಂಡು ಹಾರಿಸಿದ ಸೈನಿಕರನ್ನು ಕೋರ್ಟ್ ದೂರಲಿಲ್ಲ. ಆ ಮೂವರನ್ನು ಗಡಿಯಲ್ಲೇ ತಡೆಯದೆ ಒಳಗೆ ಬಿಟ್ಟಿದ್ದು ಸೇರಿದಂತೆ ಕಾರ್ಯಾಚರಣೆ ನಡೆಸಿದ ರೀತಿಯಿಂದ ಬದುಕುವ ಹಕ್ಕಿನ ಉಲ್ಲಂಘನೆ ಆಗಿದೆ ಎಂದಿತು.