ಕುಂದಾ ಅನ್ನೋ ಫೋಲ್ಡರ್: ಸಾಫ್ಟ್‌ವೇರ್‌ಗೆ ಒಳಗಿನ ಹೆಸರು ಯಾಕೆ ಬೇಕಾಯಿತು?

ಬೆಳಗಾವಿಯ ತಿಲಕವಾಡಿಯಲ್ಲಿ ನಮ್ಮದೊಂದು ಚಿಕ್ಕ ಆಫೀಸು. ಕೆಲವು ವರ್ಷಗಳ ಹಿಂದೆ ಒಂದು ಸಕ್ಕರೆ ಕಾರ್ಖಾನೆಗೆ ಕಬ್ಬಿನ ತೂಕದ ಸಾಫ್ಟ್‌ವೇರ್ ಮಾಡುತ್ತಿದ್ದೆವು. ಗಾಡಿ ಕಾಟಾದ ಮೇಲೆ ನಿಂತರೆ ತೂಕ ಬರಬೇಕು, ರೈತರ ಕೈಗೆ ಚೀಟಿ ಬರಬೇಕು. ಅರ್ಧ ಕೆಲಸ ಆಗಿತ್ತು. ಸುಮ್ನೆ ನೋಡಲಿ ಅಂತ ಒಂದು ಪೆನ್‌ಡ್ರೈವ್ ಕೊಟ್ಟೆವು. ಅದರಲ್ಲಿ ಫೋಲ್ಡರಿನ ಹೆಸರು 'ವರ್ಷನ್ 1.0' ಅಂತಿತ್ತು. ಅವರು ಅದನ್ನೇ ಕಾಟಾದ ಕಂಪ್ಯೂಟರಿಗೆ ಹಾಕಿಬಿಟ್ಟರು. ಖಾಲಿ ಗಾಡಿಯ ತೂಕ ಕಳೆಯುವ ಭಾಗವನ್ನು ನಾವಿನ್ನೂ ಬರೆದೇ ಇರಲಿಲ್ಲ! ಆ ರಾತ್ರಿ ಕೂತು ಚೀಟಿಗಳನ್ನೆಲ್ಲ ಕೈಯಿಂದ ತಿದ್ದಿದೆವು. ಮರುದಿನ ಫೋಲ್ಡರಿಗೆ ನಮ್ಮೂರಿನ ಸಿಹಿತಿಂಡಿಯ ಹೆಸರು, 'ಕುಂದಾ' ಅಂತ ಇಟ್ಟೆವು.

1.0 ಅಂದರೆ ಮುಗಿದ ಕೆಲಸ ಅಂತ ಯಾರಾದರೂ ತಿಳಿಯುತ್ತಾರೆ. ಕುಂದಾ ಅಂದರೆ ಯಾರೂ ಹಾಗೆ ತಿಳಿಯುವುದಿಲ್ಲ, ಅಲ್ವಾ?

ಇದೇ ಪೆಟ್ಟನ್ನು ದೊಡ್ಡವರೂ ತಿಂದಿದ್ದಾರೆ. 1995ರಲ್ಲಿ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಮಾಡುವ ಡೆಬಿಯನ್ ತಂಡ ತನ್ನ ಮುಂದಿನ ಆವೃತ್ತಿ ತಯಾರು ಮಾಡುತ್ತಿತ್ತು. ಸಿಡಿ ಮಾರುವ ಕಂಪನಿಯೊಂದು ಆ ಅರೆಬೆಂದ ಕೆಲಸವನ್ನೇ 'ಡೆಬಿಯನ್ 1.0' ಎಂದು ಮಾರಿಬಿಟ್ಟಿತು. ಗೊಂದಲ ಬೇಡವೆಂದು ತಂಡ 1.0 ಎಂಬ ಸಂಖ್ಯೆಯನ್ನೇ ಕೈಬಿಟ್ಟಿತು. 1996ರಲ್ಲಿ ಹೊರಬಂದದ್ದು 1.1, ಅದರ ಹೆಸರು 'ಬಜ್'. ಆಗ ತಂಡ ಮುನ್ನಡೆಸುತ್ತಿದ್ದ ಬ್ರೂಸ್ ಪೆರೆನ್ಸ್ ಪಿಕ್ಸಾರ್ ಎಂಬ ಅನಿಮೇಷನ್ ಕಂಪನಿಯಲ್ಲಿ ಕೆಲಸಕ್ಕಿದ್ದರು. ಹಾಗಾಗಿ ಹೆಸರುಗಳು ಅದೇ ಕಂಪನಿಯ 'ಟಾಯ್ ಸ್ಟೋರಿ' ಸಿನಿಮಾದ ಆಟಿಕೆಗಳಿಂದ ಬಂದವು. ಇವತ್ತಿಗೂ ಅಲ್ಲಿಂದಲೇ ಬರುತ್ತವೆ. ಯಾವಾಗಲೂ ಕೆಲಸ ನಡೆಯುತ್ತಲೇ ಇರುವ, ಯಾವಾಗ ಬೇಕಾದರೂ ಕೈಕೊಡಬಹುದಾದ ಆವೃತ್ತಿಗೆ 'ಸಿಡ್' ಎಂದು ಹೆಸರು. ಸಿನಿಮಾದಲ್ಲಿ ಆಟಿಕೆ ಮುರಿಯುವ ಪಕ್ಕದ ಮನೆಯ ಹುಡುಗ ಅವನು. ಇದಕ್ಕಿಂತ ಚೆಂದದ ಎಚ್ಚರಿಕೆ ಫಲಕ ನಾನು ನೋಡಿಲ್ಲ.

ಈ ಪದ್ಧತಿ ಕಂಪ್ಯೂಟರಿಗಿಂತ ಹಳೆಯದು. 1915ರಲ್ಲಿ ಇಂಗ್ಲೆಂಡಿನ ಲಿಂಕನ್ ಊರಲ್ಲಿ ಯುದ್ಧದ ಹೊಸ ಗಾಡಿಯೊಂದು ತಯಾರಾಗುತ್ತಿತ್ತು. ಗುಟ್ಟು ಬಿಡಬಾರದೆಂದು ಅದನ್ನು ನೀರಿನ ಟ್ಯಾಂಕ್ ಅಂದರು. ಹೆಸರು ಹಾಗೇ ಉಳಿಯಿತು.

ಕಂಪ್ಯೂಟರ್ ಕಂಪನಿಗಳಿಗೂ ಗುಟ್ಟು ಬೇಕಿತ್ತು, ಆದರೆ ಅವರ ತಲೆನೋವು ಟ್ರೇಡ್‌ಮಾರ್ಕ್. ಅದಕ್ಕೇ ಕಂಪ್ಯೂಟರ್ ಚಿಪ್ ಮಾಡುವ ಇಂಟೆಲ್ ನಕಾಶೆ ಹಿಡಿಯಿತು. ನದಿಯ ಹೆಸರು ತನ್ನದೆಂದು ಯಾರು ಜಗಳಕ್ಕೆ ಬರುತ್ತಾರೆ? ಪೆಂಟಿಯಂ 2ಕ್ಕೆ 'ಕ್ಲಾಮತ್', ಪೆಂಟಿಯಂ 4ಕ್ಕೆ 'ವಿಲಾಮೆಟ್'. ಎರಡೂ ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಹರಿಯುವ ನದಿಗಳು. ಮೈಕ್ರೋಸಾಫ್ಟ್ ವಿಂಡೋಸ್ 95ನ್ನು 'ಶಿಕಾಗೋ' ಅಂತಲೂ, ಎಕ್ಸ್‌ಪಿಯನ್ನು ಕೆನಡಾದ ಹಿಮದ ಊರು 'ವಿಸ್ಲರ್' ಅಂತಲೂ ಕರೆಯಿತು.

ಮನುಷ್ಯರ ಹೆಸರಿಗೆ ಕೈಹಾಕಿದಾಗ ಮಾತ್ರ ಕೆಟ್ಟಿತು. ಆಪಲ್‌ನ ಎಂಜಿನಿಯರುಗಳು ಪವರ್ ಮ್ಯಾಕಿಂಟಾಷ್ 7100ಕ್ಕೆ ಒಳಗೊಳಗೇ 'ಕಾರ್ಲ್ ಸೇಗನ್' ಎಂದಿದ್ದರು. ಹೆಸರು ಹೊರಗೆ ಗೊತ್ತಾಯಿತು. ನನ್ನ ಹೆಸರು ಬಳಸಿದರೆ ಈ ಯಂತ್ರಕ್ಕೆ ನಾನು ಒಪ್ಪಿಗೆ ಕೊಟ್ಟ ಹಾಗಾಗುತ್ತದೆ ಎಂದು ಖಗೋಳ ವಿಜ್ಞಾನಿ ಸೇಗನ್ ಆಕ್ಷೇಪಿಸಿದರು. ಎಂಜಿನಿಯರುಗಳು ಹೆಸರನ್ನು 'ಬಿಎಚ್‌ಎ' ಎಂದು ಬದಲಾಯಿಸಿದರು. ಅದನ್ನು ಬಿಡಿಸಿದರೆ 'ಪೆದ್ದ ಖಗೋಳ ವಿಜ್ಞಾನಿ' ಅನ್ನೋ ಅರ್ಥ! ಸೇಗನ್ ಕೋರ್ಟಿಗೆ ಹೋದರು, ಅಲ್ಲಿ ಸೋತರು. ತಂಡ ಮತ್ತೆ ಹೆಸರು ಬದಲಾಯಿಸಿ, ಈ ಸಲ ವಕೀಲರನ್ನು ಹೀಯಾಳಿಸಿತು. ಕೋರ್ಟು ಏನೇ ಹೇಳಲಿ, ನನಗೆ ಸೇಗನ್ ಅವರದೇ ಸರಿ ಅನಿಸುತ್ತದೆ. ಹೆಸರು ಅವರದು, ಬೇಡ ಅಂದಮೇಲೆ ಬಿಡಬೇಕಿತ್ತು.

ತಾತ್ಕಾಲಿಕ ಅಂತ ಇಟ್ಟದ್ದು ಜಾಸ್ತಿ ದಿನ ಬಾಳುವುದೂ ಉಂಟು. 1990ರ ದಶಕದಲ್ಲಿ ವೈರ್ ಇಲ್ಲದ ಸಂಪರ್ಕಕ್ಕೆ ಒಳ್ಳೆಯ ಹೆಸರು ಸಿಗುವ ತನಕ ಇರಲಿ ಎಂದು ಇಂಟೆಲ್‌ನ ಜಿಮ್ ಕಾರ್ಡಾಕ್ ಒಬ್ಬ ಹಳೆಯ ಡೇನಿಶ್ ರಾಜನ ಹೆಸರು ಸೂಚಿಸಿದರು: ಬ್ಲೂಟೂತ್. ಒಳ್ಳೆಯ ಹೆಸರು ಕೊನೆಗೂ ಸಿಗಲೇ ಇಲ್ಲ. ಇನ್ನು 1994ರಲ್ಲಿ ನೆಟ್‌ಸ್ಕೇಪ್ ತನ್ನ ಬ್ರೌಸರಿಗೆ ಒಳಗೆ ಇಟ್ಟುಕೊಂಡ ಹೆಸರು 'ಮೊಜಿಲ್ಲಾ'. ನೆಟ್‌ಸ್ಕೇಪ್ ಹೋಯಿತು. ಆದರೆ ನಿಮ್ಮ ಫೋನಿನ ಕ್ರೋಮ್ ಈಗಲೂ ಪ್ರತಿ ವೆಬ್‌ಸೈಟಿಗೆ ತನ್ನ ಪರಿಚಯ ಕೊಡುವಾಗ ಮೊದಲು ಹೇಳುವ ಮಾತು 'ಮೊಜಿಲ್ಲಾ/5.0'. ಅದನ್ನು ತೆಗೆದರೆ ಯಾವ ಹಳೆಯ ಸೈಟು ಎಲ್ಲಿ ಮುರಿಯುತ್ತದೋ ಎಂಬ ಅಂಜಿಕೆ.

ನಮ್ಮೂರಿನವರಿಗೆ ಇದು ಹೊಸದಲ್ಲ. 2014ರ ನವೆಂಬರ್ 1ಕ್ಕೆ ಬೆಳಗಾಂ ಹೋಗಿ ಬೆಳಗಾವಿ ಆಯಿತು. ರೈಲಿನ ಟಿಕೆಟ್ ಮೇಲೆ ಸ್ಟೇಷನ್ ಕೋಡ್ ಈಗಲೂ 'ಬಿಜಿಎಂ'.

ಆ ಕಾಟಾ ಸಾಫ್ಟ್‌ವೇರ್‌ಗೂ ಆಮೇಲೆ ಕಾರ್ಖಾನೆಯವರು ದೊಡ್ಡದೊಂದು ಹೆಸರಿಟ್ಟರು. ಪರದೆಯ ಮೇಲೆ ಅದೇ ಕಾಣುತ್ತದೆ. ಸೀಸನ್ ಶುರುವಾದಾಗ ಕಾಟಾದ ಹುಡುಗ ರಾತ್ರಿ ಫೋನ್ ಮಾಡಿದರೆ ಮಾತ್ರ ಕೇಳುವುದು ಒಂದೇ: "ಸರ್, ಕುಂದಾ ಓಪನ್ ಆಗವಲ್ತು, ಏನ್ ಮಾಡ್ಲಿ?"