ಇಪ್ಪತ್ತೈದು ವರ್ಷದ ರಜೆಗೆ ಸಹಿ ಹಾಕುವ ಮೊದಲು

ಕಳೆದ ವರ್ಷ ಮೈಸೂರಿನ ದಂಪತಿಯೊಬ್ಬರು ನನ್ನ ಕಚೇರಿಗೆ ಬಂದು ಮೇಜಿನ ಮೇಲೆ ತಮ್ಮ ರಜಾ ಸದಸ್ಯತ್ವದ, ಅಂದರೆ ಟೈಮ್‌ಶೇರ್‌ನ, ದಪ್ಪನೆಯ ಫೈಲೊಂದನ್ನು ಇಟ್ಟರು. ಅದರೊಳಗೆ ಕೊಡಗಿನ ಮಂಜಿನ ಚಿತ್ರವಿದ್ದ ಕೈಪಿಡಿ, ಸದಸ್ಯತ್ವದ ಕಾರ್ಡು, ಪ್ರತಿ ತಿಂಗಳು ಖಾತೆಯಿಂದ ಕಂತು ಕಡಿತ ಮಾಡಿಕೊಳ್ಳಲು ಬ್ಯಾಂಕಿಗೆ ಕೊಟ್ಟ ಒಪ್ಪಿಗೆಪತ್ರ ಮತ್ತು ಸಣ್ಣ ಅಕ್ಷರದಲ್ಲಿ ಅಚ್ಚಾದ ಹದಿನಾಲ್ಕು ಪುಟಗಳ ಕರಾರು ಇದ್ದವು. ಮಾರಾಟದ ಸಿಬ್ಬಂದಿ ಮಾತನಾಡುತ್ತಿದ್ದಾಗ ಆ ಗೃಹಿಣಿ ಕೈಪಿಡಿಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಒಂದು ಸಾಲು ಬರೆದುಕೊಂಡಿದ್ದರು: ‘ದಸರಾ ರಜೆಗೆ ರೂಮು ಖಾತ್ರಿ’. ಕರಾರನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಆ ಮಾತು ಎಲ್ಲಿಯೂ ಇರಲಿಲ್ಲ. ಕೊಠಡಿ ಲಭ್ಯತೆಗೆ ಒಳಪಟ್ಟಿರುತ್ತದೆ, ಕರಾರಿನಲ್ಲಿ ಇಲ್ಲದ ಯಾವ ಬಾಯಿಮಾತಿನ ಭರವಸೆಗೂ ಕಂಪನಿ ಹೊಣೆಯಲ್ಲ ಎಂಬ ಎರಡು ಷರತ್ತುಗಳು ಮಾತ್ರ ಸ್ಪಷ್ಟವಾಗಿದ್ದವು. ಇಂಥ ಕಂಪನಿಗಳು ವರ್ಷದ ವಾರಗಳನ್ನು ಋತುಗಳಾಗಿ ಹಂಚಿ ಮಾರುತ್ತವೆ; ಅವರು ಕೊಂಡಿದ್ದ ಋತುವಿನ ಪಟ್ಟಿಯಲ್ಲಿ ದಸರೆಯ ವಾರವೇ ಸೇರಿರಲಿಲ್ಲ.

ಗ್ರಾಹಕ ಪ್ರಕರಣಗಳನ್ನು ನಡೆಸುವ ವಕೀಲನಾಗಿ ಇಂಥ ಫೈಲುಗಳನ್ನು ನಾನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಬರುವವರಲ್ಲಿ ಹೆಚ್ಚಿನವರು ಓದಿದವರು, ಲೆಕ್ಕ ಬಲ್ಲವರು. ಅವರು ಎಡವಿದ್ದು ಲೆಕ್ಕದಲ್ಲಿ ಅಲ್ಲ. ತಾವು ಕೊಳ್ಳುತ್ತಿರುವುದು ಏನನ್ನು ಎಂಬುದನ್ನು ಸರಿಯಾಗಿ ತಿಳಿಯದೆ ಹಣ ಕಟ್ಟಿದ್ದರಲ್ಲಿ.

ಒಮ್ಮೆ ದೊಡ್ಡ ಮೊತ್ತ ಕಟ್ಟಿ, ಹಲವು ವರ್ಷ ವರ್ಷಕ್ಕೆ ಇಂತಿಷ್ಟು ರಾತ್ರಿ ಕಂಪನಿಯ ರೆಸಾರ್ಟುಗಳಲ್ಲಿ ತಂಗುವ ಈ ಟೈಮ್‌ಶೇರ್ ನಮ್ಮ ದೇಶಕ್ಕೆ ಹೊಸದೇನಲ್ಲ. ಸ್ಟರ್ಲಿಂಗ್ ಹಾಲಿಡೇಸ್ 1986ರಲ್ಲಿಯೂ ಮಹೀಂದ್ರಾ ಹಾಲಿಡೇಸ್ 1996ರಲ್ಲಿಯೂ ಆರಂಭವಾದವು. ವರ್ಷಕ್ಕೆ ಏಳು ರಾತ್ರಿಯಂತೆ 25 ವರ್ಷಗಳ ಸದಸ್ಯತ್ವ ಎಂಬುದು ಇಲ್ಲಿ ಹೆಚ್ಚು ಬಳಕೆಯಲ್ಲಿರುವ ನಮೂನೆ. ಅಮೆರಿಕದಲ್ಲಿ ಹಲವು ಕಡೆ ಟೈಮ್‌ಶೇರ್ ಕೊಂಡವರಿಗೆ ಆಸ್ತಿಯ ಪಾಲಿನ ಪತ್ರವೇ ಸಿಗುತ್ತದೆ. ಇಲ್ಲಿ ಸಾಮಾನ್ಯವಾಗಿ ಸಿಗುವುದು ತಂಗುವ ಹಕ್ಕು ಮಾತ್ರ. ಮಡಿಕೇರಿಯ ರೆಸಾರ್ಟಿನ ಒಂದು ಇಟ್ಟಿಗೆಯೂ ಸದಸ್ಯರದ್ದಲ್ಲ, ಉಪನೋಂದಣಿ ಕಚೇರಿಯಲ್ಲಿ ಅವರ ಹೆಸರಿನ ದಾಖಲೆ ಇರುವುದಿಲ್ಲ, ಅವಧಿ ಮುಗಿದ ದಿನ ಕಾರ್ಡು ಬರಿಯ ಕಾರ್ಡಾಗಿ ಉಳಿಯುತ್ತದೆ. ಇಪ್ಪತ್ತೈದು ವರ್ಷಗಳ ಬಾಡಿಗೆಯ ಒಂದು ಭಾಗವನ್ನು ಮುಂಗಡವಾಗಿ ಕಟ್ಟಿ, ಉಳಿದದ್ದನ್ನು ವಾರ್ಷಿಕ ಶುಲ್ಕವಾಗಿ ಕಟ್ಟುತ್ತಾ ಹೋಗುವ ಸೇವಾ ಕರಾರು ಇದು.

ಹಾಗಾಗಿ ‘ಇದು ಹೂಡಿಕೆ’ ಎಂದು ಯಾರಾದರೂ ಹೇಳಿದ ಕ್ಷಣವೇ ಎದ್ದು ಬರುವುದು ಕ್ಷೇಮ. ಕೊಠಡಿ ರಾತ್ರಿಗಳನ್ನು ಮಾರುವ ಹೆಸರಿನಲ್ಲಿ, ಬಳಸದಿದ್ದರೆ ಅವಧಿಯ ಕೊನೆಗೆ ಹೆಚ್ಚಿನ ಹಣ ಹಿಂದಿರುಗುತ್ತದೆ ಎಂಬ ಆಸೆ ತೋರಿಸಿ ಪ್ಯಾನ್‌ಕಾರ್ಡ್ ಕ್ಲಬ್ಸ್ ಎಂಬ ಕಂಪನಿ ಜನರಿಂದ 7,000 ಕೋಟಿ ರೂಪಾಯಿಗೂ ಹೆಚ್ಚು ಸಂಗ್ರಹಿಸಿತ್ತು. ಅದು ಅನುಮತಿಯಿಲ್ಲದ ಸಾಮೂಹಿಕ ಹೂಡಿಕೆ ಯೋಜನೆ ಎಂದು 2014ರಲ್ಲಿ ಷೇರುಪೇಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿ ತಡೆದಾಗ ಲಕ್ಷಾಂತರ ಸಣ್ಣ ಉಳಿತಾಯಗಾರರ ದುಡ್ಡು ಸಿಕ್ಕಿಬಿದ್ದಿತ್ತು. ರಜೆಗೆ ಎಂದು ಕೊಡುವ ಹಣ ರಜೆಯಲ್ಲಿಯೇ ಮರಳಬೇಕು. ಬೇರೆ ಯಾವ ರೂಪದಲ್ಲಿಯೂ ಅದನ್ನು ನಿರೀಕ್ಷಿಸಬಾರದು.

ಕೊಳ್ಳಬೇಕೇ ಎಂದು ಕೇಳಿ ಬರುವವರಿಗೆ ನಾನು ಕೊಡುವ ಮೊದಲ ಕೆಲಸ ಒಂದೇ. ಹಿಂದಿನ ಐದು ವರ್ಷಗಳಲ್ಲಿ ಯಾವ ತಿಂಗಳು, ಎಷ್ಟು ರಾತ್ರಿ, ಎಲ್ಲಿಗೆ, ಯಾರ ಜೊತೆ ಹೋಗಿದ್ದಿರಿ, ಹೊರಡುವ ಎಷ್ಟು ದಿನ ಮೊದಲು ತೀರ್ಮಾನಿಸಿದಿರಿ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ತನ್ನಿ ಎನ್ನುತ್ತೇನೆ. ಊರಿನ ಜಾತ್ರೆಗೆ, ಮದುವೆಗೆ, ಅಜ್ಜಿಯ ಮನೆಗೆ, ಧರ್ಮಸ್ಥಳ–ಸುಬ್ರಹ್ಮಣ್ಯಕ್ಕೆ ಹೋದ ದಿನಗಳನ್ನು ಬೇರೆಯಾಗಿ ಬರೆಯಬೇಕು. ಅವುಗಳಿಗೆ ರೆಸಾರ್ಟು ಬೇಕಾಗುವುದಿಲ್ಲ. ಆ ಹಾಳೆ ತುಂಬಿದ ಮೇಲೆ ಹಲವು ಮನೆಗಳಲ್ಲಿ ಚರ್ಚೆಯೇ ಮುಗಿದುಹೋಗುತ್ತದೆ. ವರ್ಷಕ್ಕೆ ಮೂರು ರಾತ್ರಿ, ಅದೂ ಗುರುವಾರ ತೀರ್ಮಾನಿಸಿ ಶುಕ್ರವಾರ ಸಂಜೆ ಹೊರಡುವ ಕುಟುಂಬ, ಸದಸ್ಯತ್ವ ಕೊಂಡೊಡನೆ ತಿಂಗಳುಗಟ್ಟಲೆ ಮೊದಲೇ ಯೋಜಿಸುವ ಕುಟುಂಬವಾಗಿ ಬದಲಾಗುವುದನ್ನು ನಾನು ಕಂಡಿಲ್ಲ.

ಹಾಳೆ ಅನುಕೂಲಕರವಾಗಿದ್ದರೆ ಮಾತ್ರ ಲೆಕ್ಕಕ್ಕೆ ಬರೋಣ. ಉದಾಹರಣೆಗೆ ಪ್ರವೇಶ ಶುಲ್ಕ 4 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಶೇ 18ರ ಜಿಎಸ್‌ಟಿ ಸೇರಿ 4,72,000 ಆಗುತ್ತದೆ. ವಾರ್ಷಿಕ ಶುಲ್ಕ 20,000, ತೆರಿಗೆ ಸೇರಿ 23,600. ಮೊದಲ ಮೊತ್ತವನ್ನು 25ರಿಂದ ಭಾಗಿಸಿ ‘ವರ್ಷಕ್ಕೆ ಹತ್ತೊಂಬತ್ತು ಸಾವಿರ ಅಷ್ಟೆ’ ಎಂದು ತೋರಿಸುವುದು ಮಾರಾಟದ ಮೇಜಿನ ರೂಢಿ. ಆದರೆ ಅದೇ ಹಣ ಶೇ 6.5ರ ಬಡ್ಡಿಗೆ ಠೇವಣಿಯಲ್ಲಿದ್ದರೆ, ಅಸಲು–ಬಡ್ಡಿ ಸೇರಿಸಿ 25 ವರ್ಷ ಪ್ರತಿ ವರ್ಷವೂ ಸುಮಾರು 38,700 ರೂಪಾಯಿ ತೆಗೆದುಕೊಳ್ಳಬಹುದಿತ್ತು. ಅದಕ್ಕೆ 23,600 ಕೂಡಿಸಿದರೆ ವರ್ಷಕ್ಕೆ 62,300. ಏಳು ರಾತ್ರಿಗಳನ್ನೂ ಬಳಸಿದರೆ ರಾತ್ರಿಗೆ 8,900 ರೂಪಾಯಿ, ನಾಲ್ಕೇ ಬಳಸಿದರೆ 15,500ಕ್ಕೂ ಹೆಚ್ಚು. ಊಟ, ಪ್ರಯಾಣ ಇದರಲ್ಲಿ ಸೇರಿಲ್ಲ. ಇದೇ ಹೊತ್ತಿಗೆ, ದಿನಕ್ಕೆ 7,500 ರೂಪಾಯಿವರೆಗಿನ ಹೋಟೆಲ್ ಕೊಠಡಿಯ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 5ಕ್ಕೆ ಇಳಿದಿದೆ. ಸಕಲೇಶಪುರದಲ್ಲಿಯೋ ಚಿಕ್ಕಮಗಳೂರಿನಲ್ಲಿಯೋ ನೀವು ನಿಜವಾಗಿ ಹೋಗುವ ವಾರದಲ್ಲಿ, ನಿಮಗೆ ಒಪ್ಪುವ ಕೊಠಡಿ ಎಷ್ಟಕ್ಕೆ ಸಿಗುತ್ತದೆ ಎಂಬುದನ್ನು ಫೋನಿನಲ್ಲಿ ನೋಡಿ ಈ ಅಂಕಿಯ ಪಕ್ಕದಲ್ಲಿ ಬರೆದುಕೊಳ್ಳಿ.

ವಾರ್ಷಿಕ ಶುಲ್ಕ ಇದ್ದಲ್ಲಿಯೇ ನಿಲ್ಲುವುದೂ ಇಲ್ಲ. ಅದು ವರ್ಷಕ್ಕೆ ಶೇ 6ರಂತೆ ಏರಿದರೆ ಹನ್ನೆರಡು ವರ್ಷಗಳಲ್ಲಿ ಎರಡರಷ್ಟಾಗಿ, ಇಪ್ಪತ್ತೈದನೆಯ ವರ್ಷ 95,000 ದಾಟುತ್ತದೆ. ಹೋಟೆಲ್ ಬಾಡಿಗೆಯೂ ಏರುತ್ತದೆ, ನಿಜ. ಆದರೆ ಕೈಯಲ್ಲಿ ಹಣವಿಲ್ಲದ ವರ್ಷ ಹೋಟೆಲಿಗೆ ಹೋಗದೆ ಇರಬಹುದು, ಈ ಶುಲ್ಕವನ್ನು ಮನೆಯಲ್ಲಿ ಕುಳಿತಿದ್ದರೂ ಕಟ್ಟಬೇಕು. ನನ್ನ ಬಳಿಗೆ ಬರುವ ದೂರುಗಳಲ್ಲಿ ಹೆಚ್ಚಿನ ನೋವು ಇರುವುದು ಇಲ್ಲಿಯೇ. ಮನೆಯ ಹಿರಿಯರಿಗೆ ಕಾಯಿಲೆ, ಮಗಳಿಗೆ ಪಿಯುಸಿ, ಕೆಲಸ ಹೋದ ವರ್ಷ. ಬಾಕಿ ಬೆಳೆಯುತ್ತದೆ, ಬಾಕಿ ಇದ್ದರೆ ಕಾದಿರಿಸಲು ಬಿಡುವುದಿಲ್ಲ, ಕಾದಿರಿಸದ ರಾತ್ರಿಗಳು ಮುಂದಕ್ಕೆ ಉಳಿಸಿಕೊಳ್ಳಬಹುದಾದ ಮಿತಿ ದಾಟಿ ಕಳೆದುಹೋಗುತ್ತವೆ.

ಇದು ಯಾರಿಗೂ ಒಗ್ಗದು ಎಂದು ನಾನು ಹೇಳುತ್ತಿಲ್ಲ. ನನಗೆ ಪರಿಚಯವಿರುವ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಅತ್ಯಂತ ಅಗ್ಗದ ಋತುವಿನ ಸದಸ್ಯತ್ವ ಇಟ್ಟುಕೊಂಡು, ಪ್ರತಿ ವರ್ಷ ಜುಲೈ ತಿಂಗಳಲ್ಲಿ, ವಾರದ ನಡುವಿನ ದಿನಗಳಲ್ಲಿ ಪತ್ನಿಯೊಡನೆ ಕೊಡಗಿನ ಮಳೆ ನೋಡಲು ಹೋಗುತ್ತಾರೆ. ಶಾಲೆಯ ಕ್ಯಾಲೆಂಡರಿನ ಹಂಗು ಅವರಿಗಿಲ್ಲ, ಜನಸಂದಣಿ ಇಲ್ಲದ ಹೊತ್ತಿಗೆ ಕೊಠಡಿ ಸುಲಭವಾಗಿ ಸಿಗುತ್ತದೆ, ಏಳು ರಾತ್ರಿಗಳಲ್ಲಿ ಒಂದನ್ನೂ ಅವರು ಬಿಡುವುದಿಲ್ಲ. ಶಾಲೆಗೆ ಹೋಗುವ ಮಕ್ಕಳಿರುವವರ ಪರಿಸ್ಥಿತಿ ಇದಕ್ಕೆ ತೀರ ಬೇರೆ. ಅವರಿಗೆ ಬೇಕಾದದ್ದು ದಸರೆ, ಕ್ರಿಸ್‌ಮಸ್, ಏಪ್ರಿಲ್–ಮೇ. ಎಲ್ಲ ಸದಸ್ಯರೂ ಕೇಳುವುದು ಅವೇ ವಾರಗಳನ್ನು, ಆ ವಾರಗಳಿರುವ ಋತುವಿಗೆ ಬೆಲೆಯೂ ಹೆಚ್ಚು. ಬಣ್ಣಗಳ ಹೆಸರಿನಲ್ಲಿ ಹಂಚಿರುವ ಋತುಪಟ್ಟಿಯನ್ನು ಶಾಲೆಯ ರಜಾಪಟ್ಟಿಯ ಪಕ್ಕದಲ್ಲಿಟ್ಟು, ರೆಸಾರ್ಟಿನಿಂದ ರೆಸಾರ್ಟಿಗೆ ಅದು ಬದಲಾಗುತ್ತದೆಯೇ ಎಂಬುದನ್ನೂ ನೋಡಿ, ಬೆರಳಿಟ್ಟು ಹೋಲಿಸಬೇಕು. ರಾತ್ರಿಗಳ ಬದಲು ಅಂಕಗಳನ್ನು ಕೊಡುವ ಪದ್ಧತಿಯಿದ್ದರೆ, ಒಂದು ರಾತ್ರಿಗೆ ಇಷ್ಟು ಅಂಕ ಎಂಬ ಕೋಷ್ಟಕವನ್ನು ಕಂಪನಿ ತಾನೇ ಬದಲಿಸಬಹುದೇ ಎಂದು ಕೇಳಬೇಕು. ಸದಸ್ಯರು ತಮ್ಮ ರಾತ್ರಿಗಳನ್ನು ಬೇರೆ ರೆಸಾರ್ಟುಗಳ ರಾತ್ರಿಗಳೊಡನೆ ಬದಲಿಸಿಕೊಳ್ಳುವ ಆರ್‌ಸಿಐನಂಥ ವಿನಿಮಯ ಜಾಲದ ಮೂಲಕ ವಿದೇಶಕ್ಕೂ ಹೋಗಬಹುದು ಎಂಬುದು ಸುಳ್ಳಲ್ಲ. ಅದಕ್ಕೆ ಬೇರೆ ಸದಸ್ಯತ್ವ, ಬೇರೆ ಶುಲ್ಕ ಇವೆ.

ಇನ್ನು ಮಾರಾಟ ನಡೆಯುವ ಸಭಾಂಗಣದ ವಿಷಯ. ಮಾಲಿನಲ್ಲಿ ತುಂಬಿದ ಲಕ್ಕಿ ಡ್ರಾ ಚೀಟಿ, ಬಹುಮಾನ ಬಂದಿದೆ ಎಂಬ ಕರೆ, ಗಂಡ ಹೆಂಡತಿ ಇಬ್ಬರೂ ಬರಲೇಬೇಕೆಂಬ ಷರತ್ತು, ಜೋರಾದ ಸಂಗೀತ, ಪಕ್ಕದ ಮೇಜಿನವರು ಕೊಂಡರೆಂದು ಚಪ್ಪಾಳೆ, ಕೊನೆಗೆ ಹಿರಿಯ ಅಧಿಕಾರಿ ಬಂದು ‘ಈ ದರ ಇವತ್ತಿಗೆ ಮಾತ್ರ’ ಎನ್ನುವುದು: ಬಂದವರೆಲ್ಲರೂ ಹೇಳುವುದು ಇದೇ ಕ್ರಮವನ್ನು. ಇಬ್ಬರನ್ನೂ ಕರೆಸುವುದು ‘ಮನೆಯಲ್ಲಿ ಕೇಳಿ ಹೇಳುತ್ತೇನೆ’ ಎನ್ನಲು ಅವಕಾಶ ಉಳಿಯಬಾರದು ಎಂಬ ಕಾರಣಕ್ಕೆ. ಇಪ್ಪತ್ತೈದು ವರ್ಷ ಬದುಕಬೇಕಾದ ಕರಾರಿನ ಬೆಲೆ ಒಂದು ಸಂಜೆಗೆ ಮಾತ್ರ ನಿಲ್ಲುತ್ತದೆ ಎನ್ನುವವರಿಂದ ಕೊಳ್ಳಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಕರಾರಿನ ಖಾಲಿ ಪ್ರತಿಯನ್ನು ಇಮೇಲಿನಲ್ಲಿ ಕೇಳಿ. ಕೊಡಲು ಒಪ್ಪದಿದ್ದರೆ ಅಲ್ಲಿಗೆ ಮುಗಿಯಿತು.

ಪ್ರತಿ ಸಿಕ್ಕರೆ ಮನೆಯಲ್ಲಿ ಕುಳಿತು ಓದುವಾಗ ಮೊದಲು ಹುಡುಕಬೇಕಾದದ್ದು ರದ್ದತಿಯ ಷರತ್ತು. ಯುರೋಪಿಯನ್ ಒಕ್ಕೂಟದಲ್ಲಿ ಕಾನೂನೇ 14 ದಿನಗಳ ಹಿಂತೆಗೆತದ ಹಕ್ಕನ್ನು ಕೊಟ್ಟಿದೆ, ಆ ಅವಧಿಯಲ್ಲಿ ಮುಂಗಡ ಪಡೆಯುವುದನ್ನು ನಿಷೇಧಿಸಿದೆ. ಅಮೆರಿಕದ ಫ್ಲೋರಿಡಾದಲ್ಲಿ 10 ದಿನ ಸಿಗುತ್ತದೆ. ಆ ರಾಜ್ಯದ ಒರ್ಲ್ಯಾಂಡೋ ಪ್ರವಾಸದಲ್ಲಿ ಸಹಿ ಹಾಕಿಬಿಟ್ಟ ಅಲ್ಲಿನ ಕನ್ನಡಿಗರು ಈ ದಿನಗಳನ್ನು ಎಣಿಸಿಕೊಳ್ಳಬೇಕು. ನಮ್ಮಲ್ಲಿ ಟೈಮ್‌ಶೇರ್‌ಗೆಂದೇ ಪ್ರತ್ಯೇಕ ಕಾನೂನಿಲ್ಲ, ಹಾಗಾಗಿ ಕರಾರಿನಲ್ಲಿ ಎಷ್ಟು ದಿನ ಬರೆದಿದೆಯೋ ಅಷ್ಟೇ. ಆ ದಿನಗಳನ್ನು ಸಹಿಯ ದಿನದಿಂದ ಎಣಿಸುತ್ತಾರೋ ಹಣ ಕಟ್ಟಿದ ದಿನದಿಂದಲೋ, ಎಷ್ಟು ಕಡಿತವಾಗುತ್ತದೆ ಎಂಬುದನ್ನು ಗುರುತು ಮಾಡಿಟ್ಟುಕೊಳ್ಳಿ. ಮನಸ್ಸು ಬದಲಾದರೆ ಫೋನಿನಲ್ಲಿ ಹೇಳಿ ಸುಮ್ಮನಾಗದೆ, ಅದೇ ದಿನ ಇಮೇಲನ್ನೂ ಸ್ಪೀಡ್ ಪೋಸ್ಟನ್ನೂ ಕಳುಹಿಸಿ. ‘ಒಂದು ಸಲ ಹೋಗಿ ಬನ್ನಿ, ಆಮೇಲೆ ನೋಡೋಣ’ ಎಂಬ ಒತ್ತಾಯಕ್ಕೆ ಒಳಗಾಗಬೇಡಿ. ಸೇವೆ ಬಳಸಿದ ಮೇಲೆ ಹಣ ಮರಳಿ ಪಡೆಯುವುದು ಕಷ್ಟವಾಗುತ್ತದೆ. ವಾರ್ಷಿಕ ಶುಲ್ಕದ ಏರಿಕೆಗೆ ಮೇಲ್ಮಿತಿ ಇದೆಯೇ, ಸದಸ್ಯರು ತೀರಿಕೊಂಡರೆ ಮಕ್ಕಳು ಬಿಡಬಹುದೇ ಎಂಬುದೂ ಅಲ್ಲಿಯೇ ಸಿಗಬೇಕು.

ಕಂತಿನಲ್ಲಿ ಕೊಳ್ಳುವವರಿಗೆ ಒಂದು ಎಚ್ಚರಿಕೆ. ಹಲವು ಸಲ ಕಂತು ಎಂಬುದು ಹಣಕಾಸು ಸಂಸ್ಥೆಯೊಂದರ ಸಾಲವಾಗಿರುತ್ತದೆ. ರಜಾ ಕಂಪನಿಯ ಮೇಲಿನ ಸಿಟ್ಟಿನಿಂದ ಕಂತು ನಿಲ್ಲಿಸಿದರೆ ಕೆಡುವುದು ನಿಮ್ಮ ಕ್ರೆಡಿಟ್ ಸ್ಕೋರು. ಸಾಲ ಮಾಡಿ ರಜೆ ಕೊಳ್ಳಬೇಕಾದ ಸ್ಥಿತಿಯಿದ್ದರೆ ಈ ವಿಚಾರವನ್ನೇ ಕೈಬಿಡುವುದು ಒಳ್ಳೆಯದು.

ಕೊಳ್ಳಲೇಬೇಕೆಂದು ತೀರ್ಮಾನಿಸಿದವರು, ಬಿಡಲು ಬಯಸುವ ಹಳೆಯ ಸದಸ್ಯರಿಂದ ವರ್ಗಾವಣೆ ಮಾಡಿಸಿಕೊಳ್ಳುವ ದಾರಿಯನ್ನು ಮೊದಲು ವಿಚಾರಿಸಬೇಕು. ಬೆಲೆ ಹೊಸದಕ್ಕಿಂತ ಬಹಳ ಕಡಿಮೆ ಇರುತ್ತದೆ. ಉಳಿದ ವರ್ಷಗಳೆಷ್ಟು, ಬಾಕಿ ಶುಲ್ಕವಿದೆಯೇ, ವರ್ಗಾವಣೆ ಶುಲ್ಕವೆಷ್ಟು, ಹೊಸಬರಿಗೆ ಹಳೆಯ ಹಕ್ಕುಗಳೆಲ್ಲವೂ ಸಿಗುತ್ತವೆಯೇ ಎಂಬುದಕ್ಕೆ ಕಂಪನಿಯಿಂದಲೇ ಲಿಖಿತ ಉತ್ತರ ಪಡೆದ ನಂತರ ಹಣ ಕೊಡಿ. ಮಾರುವವರೂ ಜಾಗರೂಕರಾಗಿರಬೇಕು: ‘ನಿಮ್ಮ ಸದಸ್ಯತ್ವಕ್ಕೆ ಗಿರಾಕಿ ಸಿದ್ಧ, ಮೊದಲು ಜಿಎಸ್‌ಟಿ ಕಟ್ಟಿ’ ಎಂದು ಕರೆ ಮಾಡುವವರು ವಂಚಕರು.

ಈಗಾಗಲೇ ಸಿಲುಕಿಕೊಂಡವರಿಗೆ ದಾರಿಯಿಲ್ಲದಿಲ್ಲ. ಉಚಿತ ಕೊಡುಗೆ ಕೊಡುವ ಉದ್ದೇಶವೇ ಇಲ್ಲದೆ ಆಸೆ ತೋರಿಸುವುದನ್ನು 2019ರ ಗ್ರಾಹಕ ರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ. ಏಕಪಕ್ಷೀಯ ಕರಾರನ್ನು ರಾಜ್ಯ ಗ್ರಾಹಕ ಆಯೋಗದಲ್ಲಿ ಪ್ರಶ್ನಿಸಲೂ ಅವಕಾಶವಿದೆ. ವ್ಯಾಜ್ಯ ಚೆನ್ನೈಯಲ್ಲೋ ಮುಂಬೈಯಲ್ಲೋ ಮಾತ್ರ ಎಂದು ಕರಾರಿನಲ್ಲಿ ಬರೆದಿದ್ದರೂ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ವ್ಯಾಜ್ಯವನ್ನು ಖಾಸಗಿ ಮಧ್ಯಸ್ಥರೇ ತೀರ್ಮಾನಿಸಬೇಕೆಂಬ (ಆರ್ಬಿಟ್ರೇಷನ್) ಷರತ್ತು ಇದಕ್ಕೆ ಅಡ್ಡಿಯಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎಮ್ಮಾರ್ ಎಂಜಿಎಫ್ ಪ್ರಕರಣದಲ್ಲಿ ಎತ್ತಿಹಿಡಿದಿದೆ. ಕಂಪನಿಗೆ ಪಾವತಿಸಿದ ಮೊತ್ತ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ದೂರಿಗೆ ಎರಡು ವರ್ಷಗಳ ಗಡುವಿದೆ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ ನೋಡಬಹುದು.

ಆ ಮೈಸೂರಿನ ದಂಪತಿಯ ರದ್ದತಿ ಅವಧಿ ಮುಗಿದು ನಾಲ್ಕು ತಿಂಗಳಾಗಿತ್ತು. ಪೆನ್ಸಿಲಿನ ಸಾಲು ಅವರದೇ ಕೈಬರಹವಾದ್ದರಿಂದ ಅದೊಂದನ್ನೇ ನಂಬಿ ಮುಂದುವರಿಯುವಂತಿರಲಿಲ್ಲ. ಹಳೆಯ ವಾಟ್ಸಾಪ್ ಸಂದೇಶಗಳನ್ನು ಒಂದೊಂದಾಗಿ ಹಿಂದಕ್ಕೆ ನೋಡುತ್ತಾ ಹೋದಾಗ, ಸಹಿಯ ಮರುದಿನ ಅದೇ ಸಿಬ್ಬಂದಿ ಕಳುಹಿಸಿದ್ದ ‘ದಸರಾ ವೀಕ್ ನೋ ಪ್ರಾಬ್ಲಂ ಮೇಡಂ’ ಎಂಬ ಸಂದೇಶ ಸಿಕ್ಕಿತು. ಅದರ ಪ್ರತಿಯನ್ನು ಲಗತ್ತಿಸಿ ನೋಟಿಸು ಕಳುಹಿಸಿದೆವು. ಕಂಪನಿ ರಾಜಿಗೆ ಬಂದು, ಕಡಿತದ ನಂತರ ಹಣದ ಬಹುಪಾಲನ್ನು ಹಿಂದಿರುಗಿಸಿತು.